ಎರಡು ಗೀರು ಏರಿದ ಸೂಜಿ

ಎದುರು ಮನೆಯ ಮೇಷ್ಟರು ಇವತ್ತು ಬೆಳಿಗ್ಗೆ ತಮ್ಮ ಸ್ಕೂಟರನ್ನು ಒದ್ದು ಒದ್ದು ಸುಸ್ತಾದರು. ಕಡೆಗೊಮ್ಮೆ ಅದು ಕರೀ ಹೊಗೆ ಕಾರಿ ಎದ್ದಿತು. ಪೂರ್ತಿ ಉರಿಯದ ಪೆಟ್ರೋಲಿನ ವಾಸನೆ ನನ್ನ ಕಿಟಕಿಯವರೆಗೂ ಬಂತು. ಆ ವಾಸನೆ ನಿಮಗೆ ಏನನ್ನೂ ನೆನಪಿಸದಿದ್ದರೆ ನೀವು ಅದೃಷ್ಟವಂತರು. ನಾನಂತೂ ಕಾಫಿ ಆರಿಹೋಗುವಷ್ಟು ಹೊತ್ತು ಯುದ್ಧಕಾಲದ ಭದ್ರಾವತಿ ರಸ್ತೆಯಲ್ಲಿ ನಿಂತುಬಿಟ್ಟಿದ್ದೆ.

ಆಗ ನಾನು ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಒಬ್ಬ ಡಾಕ್ಟರ ಬಳಿ ಕಂಪೌಂಡರ್ ಆಗಿದ್ದೆ. ಡಾಕ್ಟರಿಗೆ ದೃಷ್ಟಿ ಮಂದ. ಅವರ ಹಳೆಯ ಮೋಟಾರ್ ಸೈಕಲ್ ಓಡಿಸುವವನು ನಾನೇ. ಅವರು ಹಿಂದೆ ಔಷಧದ ಚೀಲ ತಬ್ಬಿಕೊಂಡು ಕೂರುತ್ತಿದ್ದರು. ಮಿಕ್ಸ್ಚರ್ ಕಲಸಿ ಸೀಸೆಗೆ ಚೀಟಿ ಅಂಟಿಸುವ ಕೆಲಸಕ್ಕಿಂತ ಈ ಸಾರಥ್ಯವೇ ನನಗೆ ದೊಡ್ಡದಾಗಿತ್ತು. ಧೂಳಿಗೆಂದು ಒಂದು ಕಪ್ಪು ಕನ್ನಡಕ ಕೊಂಡಿದ್ದೆ. ಧೂಳಿಲ್ಲದ ಕಡೆಯೂ ಅದನ್ನು ತೆಗೆಯುತ್ತಿರಲಿಲ್ಲ.

ಎರಡನೇ ಮಹಾಯುದ್ಧದಿಂದಾಗಿ ಪೆಟ್ರೋಲಿಗೆ ಕೂಪನ್ ಇದ್ದ ಕಾಲ ಅದು. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು. ಡಾಕ್ಟರಿಗೆ ಸಿಗುತ್ತಿದ್ದ ಪೆಟ್ರೋಲು ಸುತ್ತಿನ ಹಳ್ಳಿಗಳಿಗೆ ಹೋಗಿಬರಲು ಹೇಗೋ ಸಾಲುತ್ತಿತ್ತು. ಅಂಥ ದಿನಗಳಲ್ಲಿ ನನಗೆ ಒಂದು ಬುದ್ಧಿ ಬಂತು. ತೀರ್ಥಹಳ್ಳಿ ರಸ್ತೆಯ ಏರುಗಳಲ್ಲಿ ನಮ್ಮ ಗಾಡಿ ಸ್ವಲ್ಪ ಏದುತ್ತಿತ್ತು. ಪರಿಚಯದ ಲಾರಿ ಡ್ರೈವರೊಬ್ಬ, ಕಾರ್ಬುರೇಟರ್ ಒಳಗಿನ ಸೂಜಿಯನ್ನು ಮೇಲಕ್ಕೆತ್ತಿದರೆ ಎಳೆತ ಹೆಚ್ಚುತ್ತದೆ ಎಂದ. ಆ ಸೂಜಿಯ ತಲೆಯ ಬಳಿ ಸಣ್ಣ ಗೀರುಗಳಿರುತ್ತವೆ. ಒಂದು ಗೀರಿಗೆ ಪುಟ್ಟ ಕೊಕ್ಕೆ ಸಿಕ್ಕಿಸಿರುತ್ತಾರೆ. ಕೊಕ್ಕೆಯ ಗೀರು ಬದಲಾಯಿಸಿದರೆ ಸೂಜಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ಏರಿದಷ್ಟೂ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಹೋಗುತ್ತದೆ. ಡಾಕ್ಟರು ಊಟಕ್ಕೆ ಹೋದಾಗ ನಾನು ಇಕ್ಕಳ ಹಿಡಿದು ಸೂಜಿಯನ್ನು ಎರಡು ಗೀರು ಏರಿಸಿದೆ. ಗಾಡಿ ನಿಜವಾಗಿಯೂ ಕುದುರೆಯ ಹಾಗೆ ಎಳೆಯಿತು. ಏನು ಮಾಡಿದೆಯಪ್ಪಾ ಎಂದು ಡಾಕ್ಟರು ಕೇಳಿದರೆ, ಸ್ವಲ್ಪ ಎಣ್ಣೆ ಬಿಟ್ಟೆ ಎಂದೆ. ಪೆಟ್ರೋಲು ಬೇಗ ಬೇಗ ಮುಗಿಯತೊಡಗಿದಾಗ, ಈಗ ಬರುವ ಮಾಲೇ ಸರಿಯಿಲ್ಲ ಎಂದೆ. ಅವರು ನಂಬಿದರು.

ಭದ್ರಾವತಿಯ ಹಳೇ ಊರಿನಲ್ಲಿ ಬುಡನ್ ಸಾಹೇಬರು ಎಂಬ ಮೆಕ್ಯಾನಿಕ್ ಇದ್ದರು. ಲಾರಿ, ನೀರಿನ ಪಂಪು, ಹೊಲಿಗೆ ಯಂತ್ರ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ, ಕಡಿಮೆ ಮಾತಿನ ಮನುಷ್ಯ. ಅವರ ಹೆಂಡತಿಗೆ ಚೊಚ್ಚಲ ಬಸಿರು. ಏನಾದರೂ ತೊಂದರೆ ಕಂಡರೆ ತಕ್ಷಣ ಹೇಳಿ ಕಳಿಸಬೇಕು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಬಸ್ಸಿನ ಕಂಡಕ್ಟರ್ ಚೀಟಿ ತಂದುಕೊಟ್ಟ. ಹೆರಿಗೆ ನೋವು ಶುರುವಾಗಿದೆ, ಸೂಲಗಿತ್ತಿಗೆ ಭಯವಾಗಿದೆ, ಬೇಗ ಬನ್ನಿ.

ಟ್ಯಾಂಕಿನ ಮುಚ್ಚಳ ತೆಗೆದು ಅಲ್ಲಾಡಿಸಿ ನೋಡಿದೆ. ಹನ್ನೆರಡು ಮೈಲಿಗೆ ಸಾಕು ಎನಿಸಿತು. ಮೊದಲಿನ ಗಾಡಿಯಾಗಿದ್ದರೆ ಸಾಕಾಗುತ್ತಿತ್ತು ಕೂಡ. ಏಳನೇ ಮೈಲಿಗಲ್ಲಿನ ಹತ್ತಿರ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಟ್ಯಾಂಕಿನ ತಳದಲ್ಲಿ ಉಳಿದ ಪೆಟ್ರೋಲು ಇಳಿಯಲೆಂದು ಗಾಡಿಯನ್ನು ಬಲಕ್ಕೆ ವಾಲಿಸಿದೆ, ಎಡಕ್ಕೆ ವಾಲಿಸಿದೆ. ಕಾಲು ಫರ್ಲಾಂಗ್ ಹೋಗಿ ಮತ್ತೆ ನಿಂತಿತು. ಡಾಕ್ಟರು ಚೀಲ ಹೆಗಲಿಗೇರಿಸಿ ನಡೆಯತೊಡಗಿದರು. ಗಾಡಿಯನ್ನು ಮರಕ್ಕೆ ಒರಗಿಸಿ ನಾನು ಅವರ ಹಿಂದೆ ಓಡಿದೆ. ಬಹಳ ದೂರ ನಡೆದ ಮೇಲೆ ಇದ್ದಿಲಿನ ಬಸ್ಸೊಂದು ಬಂತು. ಅದರಲ್ಲಿ ಕೂತು ನಾವು ಸಾಹೇಬರ ಮನೆ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು.

ಮಗು ಹುಟ್ಟಿತ್ತು; ಹೆಣ್ಣು, ಆರೋಗ್ಯವಾಗಿತ್ತು. ತಾಯಿಗೆ ಹೆರಿಗೆಯಾದ ಮೇಲೆ ರಕ್ತ ನಿಂತಿರಲಿಲ್ಲ. ನಾವು ಬರುವುದಕ್ಕೆ ಅರ್ಧ ಗಂಟೆ ಮುಂಚೆ ಜೀವ ಹೋಗಿತ್ತು. ರಕ್ತ ನಿಲ್ಲಿಸುವ ಚುಚ್ಚುಮದ್ದು ಡಾಕ್ಟರ ಚೀಲದಲ್ಲೇ ಇತ್ತು. ನಾನೇ ಅದನ್ನು ಬೆಳಿಗ್ಗೆ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೆ.

ವಾಪಸ್ಸು ಬರುವಾಗ ಡಾಕ್ಟರು, ಒಂದು ಗಂಟೆ ಮೊದಲು ಬಂದಿದ್ದರೂ ಉಳಿಯುತ್ತಿದ್ದಳು ಎಂದು ಹೇಳಲಾಗದು ಎಂದರು. ತಮ್ಮ ಸಮಾಧಾನಕ್ಕೆ ಅಂದರೋ ನನ್ನ ಸಮಾಧಾನಕ್ಕೋ ತಿಳಿಯದು. ಆ ಮಾತನ್ನು ನಾನು ಮುಳುಗುವವನು ಹಗ್ಗ ಹಿಡಿದ ಹಾಗೆ ಹಿಡಿದುಕೊಂಡೆ. ಸೂಜಿಯ ವಿಷಯ ಬಾಯಿಬಿಡಲಿಲ್ಲ. ಅದನ್ನು ಮೊದಲಿನ ಹಾಗೆ ಇಳಿಸೋಣವೆಂದರೆ ಕಾರ್ಬುರೇಟರ್ ಮುಟ್ಟಲು ಕೈ ಬರಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಬುಡನ್ ಸಾಹೇಬರು ಹತ್ಯಾರದ ಚೀಲ ಹಿಡಿದು ದವಾಖಾನೆಯ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ಎದ್ದು ನಿಂತರು. ಸಾಹೇಬರು ಕೂರಲಿಲ್ಲ. ಗಾಡಿ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ ಎಂದು ಕೇಳಿದೆ, ನೋಡಿಕೊಡುತ್ತೇನೆ ಎಂದರು. ಡಾಕ್ಟರು ಬೇಡವೆನ್ನಲು ಹೋದರು. ಆಗ ಸಾಹೇಬರು ಹೇಳಿದ ಮಾತು ಇದು: "ಇನ್ನೊಂದು ಮನೆಯವರಾದ್ರೂ ಕಾಯೋದು ಬೇಡ, ಡಾಕ್ಟ್ರೇ."

ಅವರು ಪ್ಲಗ್ ಬಿಚ್ಚಿ ಬೆರಳಿಂದ ಒರೆಸಿದರು. ಬೆರಳು ಒಲೆಯ ಮಸಿ ಮುಟ್ಟಿದಂತೆ ಕಪ್ಪಾಯಿತು. ಕಾರ್ಬುರೇಟರ್ ಬಿಚ್ಚಿ ನಾನು ಮಿಕ್ಸ್ಚರ್ ಕಲಸುವ ಪಿಂಗಾಣಿ ಬಟ್ಟಲಲ್ಲೇ ತೊಳೆದರು. ಸೂಜಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಯಾರು ಮುಟ್ಟಿದ್ದು ಎಂದು ಕೇಳುತ್ತಾರೆಂದು ನಾನು ಕಾದೆ. ಕೇಳಲಿಲ್ಲ. ಎಂಟು ಔನ್ಸಿನ ಔಷಧದ ಸೀಸೆ ಕೊಡಿ ಎಂದರು.

ಟ್ಯಾಂಕಿನ ಕೊಳವೆ ಕಳಚಿ, ಆ ಸೀಸೆಯನ್ನು ಹ್ಯಾಂಡಲಿಗೆ ಕಟ್ಟಿ, ಅದರಿಂದ ಕಾರ್ಬುರೇಟರಿಗೆ ರಬ್ಬರ್ ನಳಿಗೆ ಹಾಕಿದರು. ಒಂದು ಸೀಸೆ ಪೆಟ್ರೋಲಿಗೆ ಗಾಡಿ ಎಷ್ಟು ದೂರ ಹೋಗುತ್ತದೆ ನೋಡುವ ಉಪಾಯ. ಭದ್ರಾವತಿ ರಸ್ತೆಗೇ ಹೊರಟೆವು. ನಾನು ಮುಂದೆ, ಅವರು ಹಿಂದೆ. ಮೊದಲ ಸೀಸೆ ಎರಡು ಮೈಲಿ ತುಂಬುವ ಮುಂಚೆ ಖಾಲಿಯಾಯಿತು. ಅಲ್ಲೇ ರಸ್ತೆ ಬದಿ ಕೂತು ಸೂಜಿಯನ್ನು ಒಂದು ಗೀರು ಇಳಿಸಿದರು. ಎರಡನೇ ಸೀಸೆ ಎರಡೂವರೆ ಮೈಲಿ ಬಂತು. ಮತ್ತೊಂದು ಗೀರು ಇಳಿಸಿ, ಗಾಳಿಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಎಂಜಿನ್ ಸದ್ದಿಗೆ ಕಿವಿಯಿಟ್ಟರು. ಮೂರನೇ ಸೀಸೆಯಲ್ಲಿ ಗಾಡಿ ಏಳನೇ ಮೈಲಿಗಲ್ಲು ದಾಟಿತು. ನಾವು ಅವತ್ತು ನಿಂತಿದ್ದ ಮರವನ್ನೂ ದಾಟಿ ಮುಂದೆ ಹೋಗಿ ನಿಂತಿತು. ಪ್ಲಗ್ ಬಿಚ್ಚಿದರೆ ಒಣ ಅಡಿಕೆ ಸಿಪ್ಪೆಯ ಬಣ್ಣ. "ಈಗ ಸರಿಯಾಗಿ ಉರೀತಿದೆ" ಎಂದರು.

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರೇ, ಆ ಸೂಜಿ ಏರಿಸಿದ್ದು ನಾನು" ಎಂದೆ.

ಅವರು ಸೀಸೆ ಬಿಚ್ಚುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಗೊತ್ತು. ಕೊಕ್ಕೆ ಮೇಲೆ ಇಕ್ಕಳದ ಗುರುತು ಹೊಸದಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀವು ಇನ್ಮೇಲೆ ಗಾಡಿ ಮುಟ್ಟಲ್ಲ. ಆಮೇಲೆ ಡಾಕ್ಟ್ರನ್ನ ಕರ್ಕೊಂಡು ಹೋಗೋರ್ಯಾರು?" ಸೀಸೆಯನ್ನು ಚೀಲಕ್ಕೆ ಹಾಕುತ್ತಾ, "ಮಾಫ್ ಮಾಡಿದೀನಿ ಅಂತ ಅಲ್ಲ. ಅದು ನನ್ನ ಕೈಲಿ ಆಗುತ್ತೋ ಇಲ್ವೋ ಗೊತ್ತಿಲ್ಲ" ಎಂದರು. ಆಮೇಲೆ ಇಕ್ಕಳ ನನ್ನ ಕೈಗೆ ಕೊಟ್ಟು, ಎಲ್ಲವನ್ನೂ ಬಿಚ್ಚಿಸಿ ಮತ್ತೆ ಜೋಡಿಸಲು ಹೇಳಿದರು. ಎರಡು ಸಲ ತಪ್ಪು ಮಾಡಿದೆ. ಮೂರನೇ ಸಲ ಸರಿಯಾಯಿತು.

ಯುದ್ಧ ಮುಗಿಯುವವರೆಗೂ ಆ ಗಾಡಿ ಮತ್ತೆ ದಾರಿಯಲ್ಲಿ ನಿಲ್ಲಲಿಲ್ಲ. ಸಾಹೇಬರ ಓಣಿಯಲ್ಲೇ ಎರಡು ಕಷ್ಟದ ಹೆರಿಗೆಗಳಿಗೆ ಸಮಯಕ್ಕೆ ಮುಟ್ಟಿದೆವು. ಎರಡು ಸಲವೂ ಅವರು ಅಂಗಡಿ ಬಾಗಿಲಲ್ಲಿ ನಿಂತು ನಾವು ಹೋಗುವುದನ್ನು ನೋಡಿದರು. ಈಗ ಅವರೂ ಇಲ್ಲ, ಡಾಕ್ಟರೂ ಇಲ್ಲ.

ಸಾಹೇಬರ ಆ ಮಗಳು ಮೆಹರುನ್ನೀಸಾ ಇದ್ದಾಳೆ. ಭದ್ರಾವತಿಯಲ್ಲಿ ಟೀಚರಾಗಿದ್ದಳು, ಶಿವಮೊಗ್ಗಕ್ಕೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಹೋಗುತ್ತಾಳೆ. ನನ್ನನ್ನು ಮಾಮ ಎನ್ನುತ್ತಾಳೆ. ಆ ಮಾತು ಕೇಳಿದಾಗಲೆಲ್ಲ, ಸೂಜಿಯ ವಿಷಯ ಹೇಳಬೇಕು ಅಂದುಕೊಂಡು ಬೇರೇನನ್ನೋ ಹೇಳಿ ಕಳಿಸಿದ್ದೇನೆ. ಇವತ್ತು ಮಧ್ಯಾಹ್ನವೂ ಬಂದಳು. ಹೇಳಿಬಿಟ್ಟೆ. ಡಾಕ್ಟರು ಕೊಟ್ಟ ಸಮಾಧಾನದ ಮಾತನ್ನು ಮಾತ್ರ ಹೇಳಲಿಲ್ಲ.

ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಆಮೇಲೆ, "ಅಮ್ಮಿಗೆ ಕೊನೇವರೆಗೂ ಎಚ್ಚರ ಇತ್ತಾ ಮಾಮ?" ಎಂದು ಕೇಳಿದಳು.

ಸೂಲಗಿತ್ತಿ ಅವತ್ತು ನನಗೊಬ್ಬನಿಗೇ ಹೇಳಿದ್ದ ಮಾತೊಂದಿತ್ತು. ಅದನ್ನು ಸಾಹೇಬರಿಗೂ ಹೇಳಿರಲಿಲ್ಲ.

"ಇತ್ತಮ್ಮ. ಮೋಟಾರ್ ಸೈಕಲ್ ಸದ್ದು ಕೇಳಿಸ್ತಾ ಅಂತ ಕೇಳ್ತಾನೇ ಇದ್ದರಂತೆ."

ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಯಾವಾಗಲೂ ಬರ್ತೀನಿ ಮಾಮ ಎನ್ನುವವಳು ಇವತ್ತು ಏನೂ ಅನ್ನಲಿಲ್ಲ. ಗೇಟಿನ ಹತ್ತಿರ ಒಂದು ಗಳಿಗೆ ನಿಂತಳು. ಅವಳು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದೆ.