ಗಂಗಯ್ಯನವರು ಹಿಡಿಯದ ರಾಡು

ಹೆಂಗಸರ ಬಟ್ಟೆಗೆ ಇಸ್ತ್ರಿ ಹಾಕುತ್ತಲೇ ಗಂಗಯ್ಯನವರ ಆಯುಷ್ಯ ಕಳೆದದ್ದು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ. ಯಾವ ದೇಶದ ಹೆಂಗಸರೋ ಏನೋ, ಅವರ ಗೌನು, ಲಂಗ, ನೈಟಿ ಎಲ್ಲ ಈ ಮನುಷ್ಯನ ಕೈಕೆಳಗೆ ಹಾದು ಪೆಟ್ಟಿಗೆ ಸೇರುತ್ತಿದ್ದವು. ಯಾರಾದರೂ ಆ ವಿಷಯ ಎತ್ತಿ ಹಲ್ಲು ಕಿಸಿದರೆ, "ಅದು ಮಾಲು ಕಣಯ್ಯ, ಬಟ್ಟೆ ಅಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮನೆಯಲ್ಲಿ ಮಾತ್ರ ಬೇರೆಯೇ ಗಂಗಯ್ಯ. ಸೊಸೆ ವನಿತಾಳ ಸೀರೆ ಮಂಚದ ಮೇಲೆ ಬಿದ್ದಿದ್ದರೆ ಆ ಮಂಚದ ಮೇಲೆ ಕೂರುತ್ತಿರಲಿಲ್ಲ. ಬಾಗಿಲ ಬಳಿ ನಿಂತು ಕೆಮ್ಮುತ್ತಿದ್ದರು. ಅವಳು ಬಂದು ಎತ್ತಿಕೊಂಡ ಮೇಲೆಯೇ ಒಳಗೆ ಕಾಲಿಡುವುದು.

ನಾನು ಇಂದ್ರಾಣಿ, ಹೊಸಕೆರೆಹಳ್ಳಿಯಲ್ಲಿ ಅವರ ಮನೆಯ ಮಹಡಿಯ ಮೇಲೆ ಬಾಡಿಗೆಗಿರುವವಳು. ಕೆಳಗೆ ಕೆಮ್ಮಿದರೆ ಮೇಲೆ ಕೇಳುವಂಥ ಮನೆ, ಹಾಗಾಗಿ ನಾನು ಕಿವಿಗೊಡದಿದ್ದರೂ ಎಲ್ಲ ಗೊತ್ತಾಗುತ್ತದೆ. ಹೆಂಡತಿ ಸಪ್ಪಲಮ್ಮ ತೀರಿಕೊಂಡ ಮೇಲೆ ಗಂಗಯ್ಯನವರ ಮಂಡಿ ಸೋತಿತು. ಮಗ ರವಿಕುಮಾರ್‌ಗೆ ಬನಶಂಕರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಒಳ್ಳೆಯ ಹುಡುಗ, ಸ್ವಲ್ಪ ಪ್ರಚಾರ ಜಾಸ್ತಿ. ಅಪ್ಪನಿಗಾಗಿ ಬಚ್ಚಲುಮನೆಯನ್ನೇ ಒಡೆಸಿ ಹೊಸದು ಮಾಡಿಸಿದ. ಕಮೋಡು ಬಂತು, ಜಾರದ ಟೈಲ್ಸ್ ಬಂತು, ಕೂತು ಸ್ನಾನ ಮಾಡಲು ಸ್ಟೂಲು ಬಂತು, ಎದ್ದು ನಿಲ್ಲುವಾಗ ಹಿಡಿದುಕೊಳ್ಳಲು ಗೋಡೆಗೆ ಸ್ಟೀಲ್ ರಾಡು ಬಂತು. ನೆಂಟರು ಬಂದರೆ ಕಾಫಿಗಿಂತ ಮೊದಲು ಬಚ್ಚಲು ತೋರಿಸುತ್ತಿದ್ದ. ರಾಡಿಗೆ ಜೋತುಬಿದ್ದು, "ನೋಡಿ, ನನ್ನ ವೇಟೇ ತಡೀತದೆ" ಎನ್ನುತ್ತಿದ್ದ.

ರಾಡು ಅವನ ಭಾರವನ್ನೂ ತಡೆಯುತ್ತಿತ್ತು, ಮನೆಮಂದಿಯ ಒದ್ದೆ ಬಟ್ಟೆಯನ್ನೂ ತಡೆಯುತ್ತಿತ್ತು. ಗೋಡೆಯಲ್ಲಿ ಅಡ್ಡಕ್ಕೊಂದು ಕಂಬಿ ಕಂಡರೆ ನಮ್ಮ ಜನಕ್ಕೆ ಅದರ ಮೇಲೆ ಏನಾದರೂ ಒಣಹಾಕದಿದ್ದರೆ ಸಮಾಧಾನವಿಲ್ಲ. ವನಿತಾಳಿಗಾದರೂ ಒಂದು ಕಾರಣವಿತ್ತು. ತಾರಸಿಯ ಎದುರಿಗೇ ಹುಡುಗರ ಪಿ.ಜಿ. ಎದ್ದಿದೆ. ಅಷ್ಟು ಕಣ್ಣುಗಳ ಮುಂದೆ ಒಳಬಟ್ಟೆ ಒಣಹಾಕಲು ಯಾವ ಹೆಣ್ಣಿಗೆ ಮನಸ್ಸು ಬರುತ್ತದೆ? ಅವಳು ಅವನ್ನು ಬಚ್ಚಲಿನ ರಾಡಿನ ಮೇಲೆ ಹರವಿ, ಕಾಣದಂತೆ ಮೇಲೊಂದು ಲಂಗ ಹೊದಿಸುತ್ತಿದ್ದಳು. ಮಾವ ಸ್ನಾನಕ್ಕೆ ಹೋಗುವ ಮೊದಲು ತೆಗೆಯಬೇಕು ಎಂದುಕೊಳ್ಳುತ್ತಿದ್ದಳು. ಒಮ್ಮೊಮ್ಮೆ ತೆಗೆಯುತ್ತಿದ್ದಳು.

ಕಾರ್ತಿಕದ ಒಂದು ಬೆಳಿಗ್ಗೆ ಕೆಳಗೆ ದಡ್ ಎಂದು ಸದ್ದಾಯಿತು. ನಾನು ಇಳಿದು ಓಡಿದೆ. ರವಿ ಆಗಲೇ ಬಾಗಿಲು ಒದ್ದು ಚಿಲಕ ಕಿತ್ತಿದ್ದ. ಗಂಗಯ್ಯನವರು ಒದ್ದೆ ಟವೆಲಿನಲ್ಲಿ ನೆಲಕ್ಕೆ ಒರಗಿದ್ದರು, ಬಲಗೈ ಮೈಯಡಿ ಮಡಚಿಕೊಂಡಿತ್ತು, ಗೋಡೆಯ ನಲ್ಲಿ ಒಂದು ಕಡೆಗೆ ಬಾಗಿತ್ತು. ನನ್ನನ್ನು ಕಂಡದ್ದೇ ಎಡಗೈಯಲ್ಲಿ ಟವೆಲು ಎಳೆದುಕೊಳ್ಳಲು ಒದ್ದಾಡಿದರು. ನಾನು ಮುಖ ತಿರುಗಿಸಿದೆ.

"ರಾಡ್ ಹಾಕ್ಸಿರೋದ್ ಯಾತಕ್ಕಪ್ಪಾ? ಕೈ ಚಾಚಿದ್ರೆ ಸಿಗ್ತಿತ್ತು! ನಲ್ಲಿ ಹಿಡ್ಕೊಂಡು ಏಳೋಕ್ ಹೋಗಿದೀಯಲ್ಲ!" ಎಂದು ರವಿ ಕೂಗಿದ.

"ಮರ್ತೋಯ್ತು ಕಣಪ್ಪ," ಎಂದರು ಗಂಗಯ್ಯ.

ವನಿತಾ ಮಾವನನ್ನು ನೋಡುತ್ತಿರಲಿಲ್ಲ, ರಾಡನ್ನು ನೋಡುತ್ತಿದ್ದಳು. ಅದರ ಮೇಲೆ ಅವಳ ಬಟ್ಟೆಗಳು ಅವಳು ಹರವಿದಂತೆಯೇ ಇದ್ದವು. ಲಂಗದ ಒಂದು ಮಡಿಕೆಯೂ ಅಲುಗಿರಲಿಲ್ಲ. ಬೀಳುವಾಗಲೂ ಆ ಮನುಷ್ಯ ಅದಕ್ಕೆ ಕೈ ಹಾಕಿರಲಿಲ್ಲ. ಅವಳು ಸರಕ್ಕನೆ ಎಲ್ಲವನ್ನೂ ಬಾಚಿ ಸೆರಗಿನೊಳಗೆ ಮುಚ್ಚಿಕೊಂಡಳು. ಗಂಡ ಗಮನಿಸಲಿಲ್ಲ, ನಾನು ಗಮನಿಸಿದೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಕೈಗೆ ಪ್ಲಾಸ್ಟರು ಬಿತ್ತು, ಜೊತೆಗೆ 'ಮರ್ತೋಯ್ತು' ಎಂಬ ಆ ಮಾತೂ ಅವರಿಗೆ ಅಂಟಿಕೊಂಡಿತು. ನೋಡಲು ಬಂದವರಿಗೆಲ್ಲ ರವಿ ಹೇಳಿದ್ದೇ ಹೇಳಿದ: ಅಪ್ಪನಿಗೆ ಮರೆವು ಶುರುವಾಗಿದೆ, ಕಣ್ಣೆದುರಿನ ರಾಡೇ ನೆನಪಿರಲಿಲ್ಲ. ಬಂದವರು ತಲೆದೂಗಿ, ತಮ್ಮ ತಮ್ಮ ಮನೆಯ ಅರಳುಮರಳಿನ ಕಥೆ ಹೇಳಿ ಹೋದರು. ಇನ್ನು ಮುಂದೆ ಅಪ್ಪ ಒಬ್ಬನೇ ಹೊರಗೆ ಹೋಗಕೂಡದು, ಗ್ಯಾಸ್ ಹಚ್ಚಕೂಡದು, ಬಚ್ಚಲಿಗೆ ಚಿಲಕವೇ ಬೇಡ ಎಂದು ರವಿ ತೀರ್ಮಾನಿಸಿದ. ಗಂಗಯ್ಯ ಎಲ್ಲಕ್ಕೂ ಹೂಂ ಎಂದರು. ಕೊನೆಯದಕ್ಕೆ ಮಾತ್ರ, "ಚಿಲಕ ಒಂದಿರ್ಲಪ್ಪ. ಹೆಣ್ಮಗು ಓಡಾಡೋ ಮನೆ. ಬಾಗ್ಲು ಹಾಕ್ಕೊಂಡು ಸ್ನಾನ ಮಾಡೋ ಅಷ್ಟು ಮರ್ಯಾದೆ ಆದ್ರೂ ಉಳಿಸು" ಎಂದು ಬೇಡಿಕೊಂಡರು. ಅವನು ಕೇಳಲಿಲ್ಲ.

ನನಗೆ ರೇಗಿತು. ವನಿತಾಳನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದೆ.

"ನಿಜ ಹೇಳ್ಬಾರ್ದೇನೇ?"

"ಏನಂತ ಹೇಳ್ಲಿ ಆಂಟಿ? ನನ್ ಒಳಬಟ್ಟೆ ಇತ್ತು, ಅದಕ್ಕೇ ಮಾವ ಬಿದ್ರು ಅಂತ ಗಂಡಸ್ರ ಮುಂದೆ ಹೇಳ್ಲಾ? ನಂಗೆ ಊಟ ಇಳೀತಿಲ್ಲ. ಅವರಿಗೆ ಅನ್ನ ಬಡಿಸ್ವಾಗ ಮುಖ ಎತ್ತೋಕಾಗ್ತಿಲ್ಲ. ಅವರೂ ಎತ್ತಲ್ಲ."

ಭಾನುವಾರ ಬಡಗಿ ಉಗ್ರಪ್ಪ ಬಂದಾಗ ನಾನೂ ಕೆಳಗೇ ಇದ್ದೆ. ಕಿತ್ತುಹೋದ ಚಿಲಕವನ್ನು ಪೂರ್ತಿ ತೆಗೆದು, ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಿಸಿ ಹಾಕುವುದು ಅವನ ಕೆಲಸ. ಗಂಗಯ್ಯನವರು ಹಾಲಿನಲ್ಲಿ ಕುರ್ಚಿಯ ಮೇಲಿದ್ದರು. ಅವರ ಎದುರಿಗೇ ರವಿ, "ಅಪ್ಪಂಗೆ ಜ್ಞಾಪಕ ಶಕ್ತಿ ಹೋಗಿದೆ ಅಣ್ಣ" ಎಂದ. ಉಗ್ರಪ್ಪ ಅವರ ಮುಂದೆ ಬಗ್ಗಿ, ಎಳೆಮಗುವನ್ನು ಮಾತಾಡಿಸುವಂತೆ, ಗಟ್ಟಿಯಾಗಿ ಕೇಳಿದ:

"ತಾತಾ, ನಾನ್ಯಾರು ಹೇಳು ನೋಡೋಣ?"

ಆ ಉಗ್ರಪ್ಪನ ಮದುವೆಯಲ್ಲಿ ಓಡಾಡಿ ಊಟ ಬಡಿಸಿದವರು ಗಂಗಯ್ಯ. ಅವರು ನೆಲ ನೋಡುತ್ತಾ, "ಉಗ್ರಪ್ಪ" ಎಂದರು. "ಶಭಾಷ್!" ಎಂದ ಅವನು.

ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದಾಯಿತು. ವನಿತಾ ಹೊರಗೆ ಬಂದಳು, ಮುಖ ಕೆಂಪಗಾಗಿತ್ತು.

"ಮಾವ ಏನೂ ಮರ್ತಿಲ್ಲ ರೀ. ಆವತ್ತು ರಾಡ್ ಮೇಲೆ ನನ್ ಒಳಬಟ್ಟೆ ಇತ್ತು. ಸೊಸೆ ಬಟ್ಟೆ ಮುಟ್ಬಾರ್ದು ಅಂತ ನಲ್ಲಿ ಹಿಡ್ಕೊಂಡ್ರು. ಎಷ್ಟ್ ದಿನದಿಂದ ಹಂಗೇ ಏಳ್ತಿದ್ರೋ ಏನೋ."

ಉಗ್ರಪ್ಪ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ನೋಡತೊಡಗಿದ. ಗಂಗಯ್ಯನವರು ಹೆಗಲ ಮೇಲಿನ ಟವೆಲನ್ನು ಎಡಗೈಯಲ್ಲೇ ಎಳೆದು ಮುಖಕ್ಕೆ ಮುಚ್ಚಿಕೊಂಡರು. ನಾಚಿಕೆಯಿಂದ ಅವರ ಕಿವಿಗಳೂ ಕೆಂಪಾದವು.

"ಯಾಕಮ್ಮಾ ಹೇಳ್ದೆ," ಎಂದರು ಟವೆಲಿನೊಳಗಿಂದ. "ನನ್ನ ಮರೆಗುಳಿ ಅಂದಿದ್ರೆ ಅಲ್ಲಿಗೆ ಮುಗ್ದೋಗ್ತಿತ್ತಲ್ಲ."

"ನನ್ ಮಾನ ಉಳ್ಸೋಕೆ ನೀವು ಬುದ್ಧಿ ಕೆಟ್ಟವರು ಅನ್ನಿಸ್ಕೋಬೇಕಾ ಮಾವ?"

ರವಿ ಹೆಂಡತಿಯ ಮೇಲೆ ತಿರುಗಿಬಿದ್ದ. "ನಿಂಗ್ ಬುದ್ಧಿ ಇಲ್ವಾ? ಅದೇನ್ ಬಟ್ಟೆ ಒಣಗ್ಸೋ ಜಾಗಾನಾ?"

ವನಿತಾ ಬಚ್ಚಲಿಗೆ ಹೋಗಿ ಒದ್ದೆ ಬಟ್ಟೆಗಳನ್ನು ಹೊತ್ತು ತಂದು ಅವನ ಕೈಗೆ ಹಾಕಿದಳು. ರವಿಯ ಜೀನ್ಸು, ಬನಿಯನ್ನು, ದಪ್ಪನೆಯ ಟವೆಲು. ಆವತ್ತು ಬೆಳಿಗ್ಗೆ ಅವನೇ ರಾಡಿನ ಮೇಲೆ ಹಾಕಿ ಬಂದವು. ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಎಲ್ಲರೂ ನೋಡುತ್ತಿದ್ದರು, ಅವನು ತಲೆ ಎತ್ತಲಿಲ್ಲ.

ಗಂಗಯ್ಯನವರು ಮುಖದಿಂದ ಟವೆಲು ತೆಗೆದರು. ಮಗನಿಗೆ ಆ ಜಾಗದಿಂದ ಹೋಗಲು ಒಂದು ನೆಪ ಬೇಕಿತ್ತು ಎಂಬುದು ಅವರೊಬ್ಬರಿಗೇ ಹೊಳೆಯಿತು.

"ತಾರಸಿ ಮೇಲೆ ಹರವಿ ಬಾರಪ್ಪ," ಎಂದರು ಮೆಲ್ಲಗೆ. "ಒಳ್ಳೆ ಬಿಸ್ಲೈತೆ."