ಲ್ಯಾಪ್‌ಟಾಪಿಗೆ ಆದ ಉಪಕಾರ

"ಮೇಡಂ, ನಿಮ್ಗೆ ಯಾರೋ ಮೋಸ ಮಾಡ್ಯಾರ್ರೀ. ಒಳಗ ಏನೋ ಬ್ಯಾರೇನೇ ತುಂಬಿದ್ರು. ಪೂರ್ತಿ ಒರೆಸಿ ಒರಿಜಿನಲ್ ವಿಂಡೋಸ್ ಹಾಕೀನಿ" ಎನ್ನುತ್ತ ಶಿಕಾರಿಪುರದ ರಿಪೇರಿ ಅಂಗಡಿಯವರು ನನ್ನ ಲ್ಯಾಪ್‌ಟಾಪನ್ನು ಮುಂದಿಟ್ಟರು. ನಾನು ಕೊಟ್ಟಿದ್ದು ಮುಚ್ಚಳದ ಕೀಲು ಸರಿಮಾಡಲು. ಕೀಲು ಹಾಗೇ ಅಲ್ಲಾಡುತ್ತಿತ್ತು.

ಅವರು ಒರೆಸಿದ ಆ 'ಏನೋ' ಲಿನಕ್ಸ್. ವಿಂಡೋಸ್ ಬದಲು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಅದನ್ನು, ಸೊರಬದ ಶಾಲೆಯೊಂದರಲ್ಲಿ ಪಾಠ ಮಾಡುವ ನಾನು ಮೂರು ತಿಂಗಳು ಹೆಣಗಾಡಿ ಕಲಿತಿದ್ದೆ. ಪ್ರಿಂಟರ್ ನನ್ನ ಮಾತು ಕೇಳುವಂತಾಗಲು ಒಂದು ವಾರ ಹಿಡಿದಿತ್ತು, ಕನ್ನಡ ಟೈಪ್ ಮಾಡಲು ಇನ್ನೊಂದು ವಾರ. ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲೇ ಇದ್ದವು. ಅವೂ ಹೋದವು.

"ಒರಿಜಿನಲ್ಲಾ?" ಎಂದೆ.

"ಪಕ್ಕಾ ಒರಿಜಿನಲ್ ರೀ. ಲಾಕ್ ಒಡ್ದು ಕ್ರ್ಯಾಕ್ ಮಾಡಿದ್ದು, ಕಂಪನಿಗೆ ರೊಕ್ಕ ಕೊಡೋದೇ ಬ್ಯಾಡ. ನೀವು ಟೀಚರ್ ಅಂತ ಫ್ರೀ ಹಾಕೀನಿ."

ಅವರ ಮುಖದಲ್ಲಿ ಎಂಥ ಧನ್ಯತೆ ಇತ್ತೆಂದರೆ, ನನ್ನ ಬಾಯಿಂದ ಥ್ಯಾಂಕ್ಸ್ ಬಂದೇಬಿಟ್ಟಿತು.

ಊರಿಗೆಲ್ಲ ಬಿಟ್ಟುಕೊಟ್ಟದ್ದು ಮೋಸವಂತೆ, ಕದ್ದು ತಂದದ್ದು ಒರಿಜಿನಲ್ಲಂತೆ. ಮತ್ತೆ ಲಿನಕ್ಸ್ ಹಾಕಿಕೊಂಡಿದ್ದೇನೆ. ಅಲ್ಲಾಡುವ ಮುಚ್ಚಳದ ಮೇಲೆ ಈಗ ಒಂದು ಚೀಟಿ ಇದೆ: 'ಒಳಗಿರುವುದು ಕಾಯಿಲೆಯಲ್ಲ. ದಯವಿಟ್ಟು ವಾಸಿ ಮಾಡಬೇಡಿ.'