ನೆನೆದ ಬೆತ್ತ, ಹದಿನಾಲ್ಕು ಕರೆ

ನಮ್ಮ ಮನೆಯ ಜಗಲಿಯಲ್ಲೊಂದು ಬೆತ್ತದ ಕುರ್ಚಿ ಇತ್ತು, ಅದರ ನಡುವೆ ಒಂದು ತೂತಿತ್ತು. ಮೊದಮೊದಲು ಬೆರಳು ತೂರುವಷ್ಟಿದ್ದದ್ದು ಮೂರು ವರ್ಷಗಳಲ್ಲಿ ನನ್ನ ಭಾರಕ್ಕೆ ಮರ್ಯಾದೆ ಕೊಡುತ್ತ ಕೊಡುತ್ತ ಊಟದ ತಟ್ಟೆಯಷ್ಟಾಗಿತ್ತು. ತೂತಿನ ಮೇಲೊಂದು ಮಣೆ, ಮಣೆಯ ಮೇಲೊಂದು ಮಡಿಸಿದ ದುಪ್ಪಟಿ ಹಾಕಿ, ಪತ್ರಿಕೆ ಬಿಡಿಸಿಕೊಂಡು ಕೂತರೆ ಬೀದಿಯಲ್ಲಿ ಹೋಗುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬಸವನಗುಡಿಯ ಮರ್ಯಾದೆ ಬಹುಪಾಲು ಇಂಥ ದುಪ್ಪಟಿಗಳ ಮೇಲೆಯೇ ನಿಂತಿದೆ ಎಂದು ನನಗೆ ಅನುಮಾನ.

ಆ ಕುರ್ಚಿಯಲ್ಲಿ ಕೂತೇ ನಾನು ರತ್ನಳ ವ್ಯಾಪಾರ ಉದ್ಧಾರ ಮಾಡಲು ಹೊರಟದ್ದು. ರತ್ನ ನನ್ನ ಹಳೆಯ ವಿದ್ಯಾರ್ಥಿನಿ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಾಗ ಬಿನ್ನಿಪೇಟೆಯಿಂದ ಬಂದು ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದವಳು, ಈಗ ನಲವತ್ತರ ಹತ್ತಿರದ ಹೆಂಗಸು. ತಾಯಿಯಿಂದ ಕಲಿತ ವಿದ್ಯೆಯನ್ನು ಹಿಡಿದು ಗಾಂಧಿ ಬಜಾರಿನ ಪಕ್ಕದ ರಸ್ತೆಯಲ್ಲಿ ಪುಟ್ಟ ಮಳಿಗೆ ತೆರೆದಿದ್ದಾಳೆ. ಹರಿದ ಬೆತ್ತದ ಕುರ್ಚಿಗಳನ್ನು ಹೊಸದಾಗಿ ಹೆಣೆದು ಕೊಡುತ್ತಾಳೆ. ತಿಂಗಳಿಗೆ ಎಂಟು ಕುರ್ಚಿ ಬಂದರೆ ಮಳಿಗೆ ಉಳಿಯುತ್ತದೆ. ದೀಪಾವಳಿಯ ಹೊತ್ತಿಗೆ ಆ ಲಕ್ಷಣ ಕಾಣದಿದ್ದರೆ ಬಾಗಿಲೆಳೆದು ಯಾವುದಾದರೂ ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರುವುದೆಂದು ಅವಳು ನಿಶ್ಚಯಿಸಿದ್ದಳು. ಅದನ್ನವಳು ಅಳದೆ, ತರಕಾರಿಯ ಬೆಲೆ ಹೇಳುವಂತೆ ಹೇಳಿದ್ದು ಕೇಳಿ ನನಗೆ ಬಹಳ ಸಂಕಟವಾಯಿತು.

ಗಿರಾಕಿಗಳಿಗಾಗಿ ಅವಳು ಮೊಬೈಲಿನಲ್ಲಿ ಒಂದು ಜಾಹೀರಾತು ಕೊಟ್ಟಳು. ಈಗಿನ ಜಾಹೀರಾತು ಗೋಡೆಗೆ ಅಂಟಿಸುವ ಚೀಟಿಯಲ್ಲ, ಸ್ವಾಮಿ. ನಮಗೇನು ಬೇಕೆಂದು ಯಂತ್ರಕ್ಕೆ ಹೇಳಬೇಕು. ಅದನ್ನು ಯಾರು ಕೊಟ್ಟಾರೆಂದು ಯಂತ್ರವೇ ಹುಡುಕಿ ಅಂಥವರ ಕಣ್ಣಿಗೆ ಜಾಹೀರಾತನ್ನು ಹಿಡಿಯುತ್ತದೆ. ಯಾರು ಸ್ಪಂದಿಸಿದರೋ ಅವರನ್ನು ನೋಡಿ ಕಲಿತು, ಅಂಥವರನ್ನೇ ಇನ್ನಷ್ಟು ಕರೆತರುತ್ತದೆ. ರತ್ನ ತನಗೆ ಕರೆಗಳು ಬೇಕೆಂದು ಹೇಳಿದಳು. ಕರೆ ಬಂದರೆ ಕುರ್ಚಿ ಬರುತ್ತದೆಂಬ ಅವಳ ಲೆಕ್ಕ ಸಹಜವೇ ಆಗಿತ್ತು.

ಕೆಡಿಸಿದ್ದು ನಾನು. ನಮ್ಮ ಕಡೆ ಹೊಸ ಅಂಗಡಿ ತೆರೆದರೆ ನೆಂಟರಿಷ್ಟರು ಹೋಗಿ ಬೋಣಿ ಮಾಡುವುದುಂಟಲ್ಲ. ಬೇಕಿರಲಿ ಬೇಡದಿರಲಿ, ಮೊದಲ ವ್ಯಾಪಾರ ನಮ್ಮ ಕೈಯಿಂದ ಆಗಲಿ ಎಂಬ ಹಾರೈಕೆ ಅದು. ನಾನು ಪಾರ್ಕಿನ ವಾಕಿಂಗ್ ಬಳಗಕ್ಕೆ ಫರ್ಮಾನು ಹೊರಡಿಸಿದೆ: ಜಾಹೀರಾತು ಕಂಡ ಕೂಡಲೇ ಎಲ್ಲರೂ ಒತ್ತಿ, ಕರೆ ಮಾಡಿ, ನಮ್ಮ ಹುಡುಗಿಗೆ ಬೋಣಿಯಾಗಲಿ. ನಿವೃತ್ತರಿಗೆ ಒಂದು ಸತ್ಕಾರ್ಯ, ಅದೂ ಖರ್ಚಿಲ್ಲದ್ದು ಸಿಕ್ಕರೆ ಬಿಟ್ಟಾರೆಯೇ. ನಗರ್ತಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿ ದಣಿದಿದ್ದ ಗೆಳೆಯ ವಿರೂಪಾಕ್ಷಯ್ಯನಂತೂ ದಿನಕ್ಕೆರಡು ಸಲ ಕರೆ ಮಾಡಿ, ಬೆತ್ತದ ಬಗ್ಗೆ ಒಂದು ನಿಮಿಷ, ತನ್ನ ಮಂಡಿನೋವಿನ ಬಗ್ಗೆ ಹದಿನೈದು ನಿಮಿಷ ಮಾತಾಡಿದ. ಯಂತ್ರ ಒಳ್ಳೆಯ ವಿದ್ಯಾರ್ಥಿಯಂತೆ ಪಾಠ ಕಲಿಯಿತು. ಹೊತ್ತು ಹೋಗದೆ ಕರೆ ಮಾಡುವವರೇ ಈಕೆಗೆ ಬೇಕಾದವರು ಎಂದು ತಿಳಿದು ಚಾಮರಾಜಪೇಟೆಯಿಂದ ಮಲ್ಲೇಶ್ವರದವರೆಗೆ ಅಂಥವರನ್ನೆಲ್ಲ ಜಾಲಾಡಿ ತಂದಿತು. ಫೋನು ಬಾಯಿ ಮುಚ್ಚಲಿಲ್ಲ. ಕುರ್ಚಿ ಮಾತ್ರ ಎಲ್ಲೋ ಅಪರೂಪಕ್ಕೊಂದು ಬಂತು.

ಒಂದು ದಿನ ಹೋದಾಗ ರತ್ನ ತುಂಡಾದ ಬೆತ್ತದ ಎಳೆಗಳನ್ನು ಗುಡ್ಡೆ ಹಾಕುತ್ತಿದ್ದಳು.

"ಏನಮ್ಮಾ ಇದು?" ಎಂದೆ.

"ಬೆತ್ತ ನೀರಲ್ಲಿ ನೆನೆದು ಮೆತ್ತಗಿದ್ದಾಗ್ಲೇ ಹೆಣೀಬೇಕು ಮೇಷ್ಟ್ರೇ. ಫೋನ್ ಎತ್ಕೊಂಡು ಮಾತಾಡ್ತಾ ನಿಂತ್ರೆ ಒಣಗೋಗುತ್ತೆ, ಎಳೆದ್ರೆ ಪಟ್ ಅನ್ನುತ್ತೆ. ಎತ್ತದೇ ಇರೋಕೂ ಭಯ, ಅದೇ ಗಿರಾಕಿ ಆಗಿದ್ರೆ?"

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ. ಮಾತು ಕೆಡಿಸಿದ್ದನ್ನು ಕಣ್ಣಾರೆ ಕಂಡೆ. ಆದರೂ ನನಗೆ ಬುದ್ಧಿ ಬರಲಿಲ್ಲ. ಉಪದೇಶವೆಂಬುದು ನಮ್ಮಂಥ ಮೇಷ್ಟರಿಗೆ ಹುಟ್ಟಿನಿಂದ ಬಂದ ತುರಿಕೆ. "ಕರೆ ಬೇಡ, ಕುರ್ಚಿಯನ್ನೇ ಕೇಳು. ಕೇಳೋದು ಕೇಳ್ತೀಯ, ದಿನಕ್ಕೆ ಎರಡು ಕೇಳು. ಒಬ್ಬ ಗಿರಾಕಿಯನ್ನ ಹುಡುಕಿ ತರೋಕೆ ಒಂದು ಕಾಫಿ ದುಡ್ಡಿಗಿಂತ ಜಾಸ್ತಿ ಖರ್ಚು ಮಾಡಬೇಡ ಅಂತ ಯಂತ್ರಕ್ಕೆ ಕಟ್ಟಪ್ಪಣೆ ಹಾಕು" ಎಂದೆ. ಪಾಪ, ಅವಳು ಹಾಗೇ ಮಾಡಿದಳು. ಅಷ್ಟು ಅಗ್ಗಕ್ಕೆ ಅಷ್ಟು ಕುರ್ಚಿ ಎಲ್ಲೂ ಸಿಗದೆ ಯಂತ್ರ ಕೈಕಟ್ಟಿ ಕೂತಿತು. ಜಾಹೀರಾತು ಯಾರಿಗೂ ಕಾಣಲಿಲ್ಲ. ಹತ್ತು ದಿನ ಫೋನು ಸತ್ತಂತೆ ಬಿದ್ದಿತ್ತು. ಅವಳು ನಾಲ್ಕು ದಿನಕ್ಕೊಮ್ಮೆ ಅಪ್ಪಣೆ ಬದಲಿಸಿ ನೋಡಿದಳು, ಅದು ಇನ್ನಷ್ಟು ಗೊಂದಲಕ್ಕೆ ಬಿತ್ತು.

ಆ ದಿನಗಳಲ್ಲಿ ನನ್ನ ತೂತು ಕುರ್ಚಿಯಲ್ಲಿ ಕೂತು ಯೋಚಿಸುತ್ತಿದ್ದೆ. ನಾವು ಹಾರೈಸುವಾಗ ಜುಗ್ಗತನ ಮಾಡುವ ಜನವಲ್ಲ. ಐವತ್ತಕ್ಕೇ ಏದುಸಿರು ಬಿಡುವವನಿಗೆ ನೂರು ವರ್ಷ ಬಾಳು ಎನ್ನುತ್ತೇವೆ, ಅವನೂ ಅಷ್ಟನ್ನೂ ನಂಬದೆ ತಲೆಬಾಗಿ ಹೋಗುತ್ತಾನೆ. ಹಾರೈಕೆಯಲ್ಲಿ ಎಷ್ಟು ಕಳೆದು ತೆಗೆದುಕೊಳ್ಳಬೇಕೆಂಬುದು ಇಬ್ಬರಿಗೂ ಗೊತ್ತು. ಯಂತ್ರಕ್ಕೆ ಆ ಲೋಕಜ್ಞಾನವಿಲ್ಲ. ಹೇಳಿದ್ದನ್ನು ಅಕ್ಷರಶಃ ನಂಬುವ ಅಮಾಯಕ ಜೀವಿ ಅದು. ನನಗೆ ಅದರ ಮೇಲೆ ಕನಿಕರವೇ ಬಂತು. ನಲವತ್ತೆರಡು ಅಂಕ ಬರುವ ಮಗುವಿಗೆ ನೂರಕ್ಕೆ ನೂರು ತೆಗಿ ಎಂದರೆ ಅದು ಪುಸ್ತಕ ಮುಚ್ಚಿಬಿಡುತ್ತದೆ, ನಲವತ್ತೆಂಟು ತೆಗಿ ಎಂದರೆ ತೆಗೆಯುತ್ತದೆ ಎಂಬುದನ್ನು ಮೂವತ್ತು ವರ್ಷ ತರಗತಿಯಲ್ಲಿ ಕಂಡಿದ್ದವನು ನಾನು. ಅದನ್ನು ರತ್ನಳಿಗೆ ಹೇಳಬೇಕಾದ ದಿನ ಮರೆತೆನಲ್ಲ ಎಂದು ನಾಚಿಕೆಯಾಯಿತು.

ಹೇಳಲು ಹೋದರೆ ಅವಳೇ ಕಂಡುಕೊಂಡಿದ್ದಳು. ಬಂದ ಕರೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಕುರ್ಚಿ ತಂದವರ ಮುಂದೆ ಮಾತ್ರ ಗುರುತು ಹಾಕಿದ್ದಳು.

"ಮೂರು ತಿಂಗಳಿಗೆ ಹದಿನೈದು ಕುರ್ಚಿ. ತಿಂಗಳಿಗೆ ಐದು. ಸರಾಸರಿ ನೀವೇ ಅಲ್ವಾ ಹೇಳ್ಕೊಟ್ಟಿದ್ದು? ಈಗ ಆರು ಕೇಳಿದೀನಿ. ಸಿಕ್ರೆ ಆಮೇಲೆ ಏಳು. ಒಬ್ಬ ಗಿರಾಕಿಗೆ ನಿಜವಾಗ್ಲೂ ಎಷ್ಟು ಖರ್ಚಾಗ್ತಿತ್ತೋ ಅಷ್ಟು ಬಿಟ್ಟಿದೀನಿ. ಗುರುತು ಹಾಕಿದವರನ್ನ ಮಾತ್ರ ಅದಕ್ಕೆ ತೋರಿಸಿದೀನಿ, ಇಂಥೋರು ಬೇಕು ಅಂತ. ಇನ್ನು ಎರಡು ವಾರ ಏನೂ ಬದಲಾಯಿಸಲ್ಲ."

"ಎಂಟು ಬೇಕಲ್ಲಮ್ಮ ನಿನಗೆ?"

"ಬೇಕು. ಬೇಕು ಅಂದ ಮಾತ್ರಕ್ಕೆ ಬರುತ್ತಾ?"

ನಾನು ನೋಟ್‌ಬುಕ್ಕು ತಿರುವಿದೆ. ಗುರುತಿಲ್ಲದ ಸಾಲುಗಳಲ್ಲಿ ಒಂದು ನಂಬರು ಮತ್ತೆ ಮತ್ತೆ ಕಂಡಿತು. ಎಲ್ಲೋ ನೋಡಿದ ನಂಬರು ಎನಿಸಿತು.

"ನಿಮ್ದೇ ಮೇಷ್ಟ್ರೇ" ಎಂದಳು ಅವಳು, ತಲೆಯೆತ್ತದೆ. "ಹದಿನಾಲ್ಕು ಸಲ. ಕುರ್ಚಿ ಒಂದೂ ಇಲ್ಲ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಹರಿದ ಕುರ್ಚಿಯಲ್ಲೇ ಕೂತು ಹರಿದ ಕುರ್ಚಿಯವರಿಗಾಗಿ ಬೆಂಗಳೂರೆಲ್ಲ ಹುಡುಕಿಸಿದ್ದೆ.

ತಕ್ಷಣ ಕುರ್ಚಿ ತರಲು ಮುಖವಿರಲಿಲ್ಲ. ಮೂರು ವಾರ ಬಿಟ್ಟು, ದೀಪಾವಳಿಗೆ ಇನ್ನು ಎಂಟು ದಿನವಿದೆ ಎನ್ನುವಾಗ, ದುಪ್ಪಟಿ ತೆಗೆದು, ಮಣೆ ತೆಗೆದು, ತೂತನ್ನು ಊರಿಗೆಲ್ಲ ಕಾಣುವಂತೆ ಆಟೋದಲ್ಲಿಟ್ಟುಕೊಂಡು ಹೋದೆ. ರತ್ನ ಕುರ್ಚಿಯನ್ನು ಮಗುಚಿ, ಚೌಕಟ್ಟನ್ನು ತಟ್ಟಿ ನೋಡಿ, ನೋಟ್‌ಬುಕ್ಕಿನಲ್ಲಿ ನನ್ನ ನಂಬರಿನ ಮುಂದೆ ಗುರುತು ಹಾಕಿದಳು.

"ಹಬ್ಬಕ್ಕೆ ಕೊಡ್ತೀಯಾ?" ಎಂದೆ.

"ಆಗಲ್ಲ ಮೇಷ್ಟ್ರೇ. ಮುಂದೆ ಐದು ಕುರ್ಚಿ ಇದೆ. ಹಬ್ಬ ಆದ್ಮೇಲೆ ಒಂದು ವಾರ ಬಿಟ್ಟು ಬನ್ನಿ."

ಇಷ್ಟು ವರ್ಷದಲ್ಲಿ ಯಾರ ಬಾಯಿಂದಲೂ ಆಗಲ್ಲ ಎಂಬ ಮಾತು ಕೇಳಿ ನನಗೆ ಇಷ್ಟು ಸಂತೋಷವಾಗಿರಲಿಲ್ಲ. ಬಾಗಿಲೆಳೆಯುವ ವಿಚಾರ ಏನಾಯಿತೆಂದು ಕೇಳಿದೆ. "ಯುಗಾದಿವರೆಗೂ ನೋಡ್ತೀನಿ" ಎಂದಳು. ಅದಕ್ಕಿಂತ ದೊಡ್ಡ ಮಾತು ಅವಳೂ ಆಡಲಿಲ್ಲ, ನಾನೂ ಹಾರೈಸಲಿಲ್ಲ.

ಈಗ ಜಗಲಿಯಲ್ಲಿ ಕುರ್ಚಿಯ ಜಾಗ ಖಾಲಿ ಇದೆ. ಬರಿಯ ಮಣೆ ಹಾಕಿಕೊಂಡು ನೆಲದ ಮೇಲೆ ಕೂತು ಪತ್ರಿಕೆ ಓದುತ್ತೇನೆ. ಮಂಡಿ ನೋಯುತ್ತದೆ. ನನ್ನ ಸರದಿ ಎಲ್ಲಿಗೆ ಬಂತೆಂದು ಕೇಳೋಣ ಅನಿಸಿ ದಿನಕ್ಕೆ ನಾಲ್ಕು ಸಲ ಕೈ ಫೋನಿನ ಕಡೆ ಹೋಗುತ್ತದೆ. ಈಗ ಅವಳ ಕೈಯಲ್ಲಿ ಬೆತ್ತ ನೆನೆದು ಮೆತ್ತಗಿರುತ್ತದೆ ಎಂದುಕೊಂಡು ಕೆಳಗಿಡುತ್ತೇನೆ.